ಏಳನೆಯ ತಿಂಗಳಲ್ಲಿ ತೆಗೆದ ಎಲೆ

ತಿಂಗ್‌ಹಾಯ್ ಹಠ ಹಿಡಿದನೆಂದರೆ ಕ್ರೇನು ತಂದು ಎತ್ತಿದರೂ ಕದಲುವ ಆಸಾಮಿಯಲ್ಲ. ಮೂವತ್ತೈದು ವರ್ಷ ಕೀಲುಂಗ್ ಬಂದರಿನಲ್ಲಿ ಕ್ರೇನು ನಡೆಸಿದವನೂ ಅವನೇ ಆದ್ದರಿಂದ, ಈ ಮಾತನ್ನು ಅವನ ಹೆಂಡತಿ ಆಲ್ವಾನ್ ನೆಂಟರಿಷ್ಟರ ಮುಂದೆಲ್ಲ ಹೇಳಿ ನಗಿಸುತ್ತಿದ್ದಳು. ಆದರೆ ಆ ಮಂಗಳವಾರ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಡಾಕ್ಟರ್ ನ್ಯೆನ್ ಎದುರು ಕುಳಿತು ಅವನು ಹಠ ಹಿಡಿದಾಗ ಆಲ್ವಾನ್‌ಗೆ ನಗು ಬರಲಿಲ್ಲ. ಈ ಸಲ ಪಣಕ್ಕೆ ಬಿದ್ದಿದ್ದು ಅವಳ ಪ್ರಾಣ.

ಅವಳ ಬಲಗಡೆಯ ಶ್ವಾಸಕೋಶದಲ್ಲಿ ಗಡ್ಡೆ ಎದ್ದಿದೆಯೆಂದು ಗೊತ್ತಾದದ್ದು ಏಪ್ರಿಲ್‌ನಲ್ಲಿ. ಅದು ಎದ್ದಲ್ಲೇ ಕೂತಿರದೆ ಎರಡು ಶ್ವಾಸಕೋಶಗಳ ನಡುವಿನ ದುಗ್ಧರಸದ ಗಂಟುಗಳಿಗೂ ಕೈಚಾಚಿತ್ತು. ವರದಿಯಲ್ಲಿ ‘ಆ ಜಾಗದ ಮಟ್ಟಿಗೆ ಕೊನೆಯ ಹಂತ’ ಎಂದು ಬರೆದಿತ್ತು. ತಿಂಗ್‌ಹಾಯ್ ಕಣ್ಣಿಗೆ ಬಿದ್ದದ್ದು ‘ಕೊನೆಯ’ ಎಂಬ ಒಂದೇ ಪದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತವನನ್ನು ಡಾಕ್ಟರ್ ನ್ಯೆನ್ ತಾವೇ ಬಂದು ಎಬ್ಬಿಸಿದ್ದರು. ಎದೆಯ ಶಸ್ತ್ರಚಿಕಿತ್ಸೆಯಲ್ಲಿ ಹೆಸರು ಮಾಡಿದ ಹೆಂಗಸು, ಮಾತು ಮಾತ್ರ ಪಕ್ಕದ ಮನೆಯವರ ಹಾಗೆ.

“ದೊಡ್ಡಪ್ಪ, ಪೂರ್ತಿ ಓದಿ. ಗಡ್ಡೆ ಒಳಕೋಣೆ ಬಿಟ್ಟು ನಡುಮನೇಗೆ ಬಂದು ಕೂತಿದೆ. ಬೀದಿಗೆ ಇಳಿದಿಲ್ಲ. ಬೀದಿಗೆ ಇಳಿದಿದ್ರೆ ನನ್ನ ಚಾಕುವಿಗೆ ಅಲ್ಲಿ ಕೆಲಸಾನೇ ಇರ್ತಿರ್ಲಿಲ್ಲ. ಮೊದಲು ಔಷಧಿ ಹಾಕೋಣ. ನಡುಮನೆ ಖಾಲಿ ಆಯ್ತು ಅಂದ್ರೆ ಆಮೇಲೆ ನನ್ನ ಸರದಿ.”

ಮೂರು ಸುತ್ತು ಔಷಧಿ ನರದೊಳಗೆ ಇಳಿಯಿತು. ಆಲ್ವಾನ್ ತಲೆ ಬೋಳಾಯಿತು. ಅದಕ್ಕೆ ಅವಳು ಕೇರ್ ಮಾಡಲಿಲ್ಲ. ನಾಲಿಗೆಗೆ ರುಚಿ ಸತ್ತುಹೋದದ್ದೇ ಅವಳನ್ನು ಅಳಿಸಿತು. ನಲವತ್ತು ವರ್ಷದಿಂದ ಮದುವೆ, ಹಬ್ಬಗಳಿಗೆ ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿ ಐವತ್ತು ಮೇಜಿಗೆ ಅಡುಗೆ ಮಾಡಿ ಬಡಿಸಿದವಳು. ಉಪ್ಪು ನೋಡಲು ಗಂಡನನ್ನು ಕರೆಯಬೇಕಾಗಿ ಬಂದರೆ ಯಾರಿಗೆ ತಾನೇ ಅಳು ಬರುವುದಿಲ್ಲ? ಅದೂ ತಿಂಗ್‌ಹಾಯ್‌ನಂಥ ಗಂಡ. ಅವನಿಗೆ ಉಪ್ಪೂ ಒಂದೇ, ಸಕ್ಕರೆಯೂ ಒಂದೇ.

ಈಗ ಜುಲೈ ಕೊನೆ. ಹೊಸ ಫೋಟೋಗಳನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ಡಾಕ್ಟರ್ ನ್ಯೆನ್ ಹೇಳಿದ್ದು ಇಷ್ಟು:

“ಗಂಟುಗಳಿಂದ ಚೂರು ತೆಗೆದು ನೋಡಿದ್ವಿ, ಕೆಟ್ಟ ಕಣ ಒಂದೂ ಸಿಗ್ಲಿಲ್ಲ. ನಿಮಗೆ ಸುಳ್ಳು ಹೇಳಲ್ಲ. ಗುರುವಾರದ ಸಭೇಲಿ ನಾವು ನಾಲ್ಕು ಜನ ಡಾಕ್ಟ್ರು ಚೆನ್ನಾಗಿ ಕಿತ್ತಾಡಿದ್ವಿ. ಒಬ್ರು, ಚಾಕು ಬೇಡ, ಕಿರಣ ಕೊಟ್ಟು ಮುಗಿಸೋಣ ಅಂದ್ರು. ಅವರ ಮಾತು ತೆಗೆದುಹಾಕೋ ಹಾಗಿಲ್ಲ. ಇಡೀ ಬಲಗಡೆ ಶ್ವಾಸಕೋಶ ತೆಗೀಬೇಕಾಗಿದ್ರೆ ನಾನೇ ಬೇಡ ಅಂತಿದ್ದೆ. ಆದ್ರೆ ದೊಡ್ಡಮ್ಮಂಗೆ ಬಲಗಡೆ ಶ್ವಾಸಕೋಶದಲ್ಲಿ ಎಲೆ ಥರ ಇರೋ ಮೂರು ಭಾಗಗಳಲ್ಲಿ ಮೇಲಿನ ಒಂದು ಎಲೆ ತೆಗೆದ್ರೆ ಸಾಕು. ಗಂಟುಗಳೂ ತಣ್ಣಗಾಗಿವೆ. ಇಂಥವರಿಗೆ ಚಾಕುವಿಂದ ಉಪಕಾರ ಇದೆ ಅಂತ ನನ್ನ ನಂಬಿಕೆ. ಕೊನೇಗೆ ನಾಲ್ಕೂ ಜನ ಒಪ್ಪಿದ್ವಿ. ಆಗಸ್ಟ್ ಹದಿನೈದು, ಬೆಳಗಿನ ಮೊದಲ ಸರದಿ.”

ತಿಂಗ್‌ಹಾಯ್ ಅಂಗಿಯ ಜೇಬಿನಿಂದ ಚಾಂದ್ರಮಾನ ಪಂಚಾಂಗ ತೆಗೆದು, ಬೆರಳು ನೆಕ್ಕಿ ಹಾಳೆ ತಿರುವಿದ. ಅವನ ಮುಖ ಇಳಿಯಿತು.

“ಏಳನೇ ತಿಂಗಳು, ಇಪ್ಪತ್ತೆರಡನೇ ದಿನ. ಆಗಲ್ಲ.”

“ಆಗಲ್ಲ ಅಂದ್ರೆ?”

“ಏಳನೇ ತಿಂಗಳಲ್ಲಿ ಮೈಗೆ ಕಬ್ಬಿಣ ಮುಟ್ಟಿಸಬಾರ್ದು ಡಾಕ್ಟ್ರೇ. ಒಳ್ಳೇ ಅಣ್ಣತಮ್ಮಂದ್ರು ಹೊರಗೆ ಬಂದಿರ್ತಾರೆ.”

ಆ ತಿಂಗಳು ಸತ್ತವರ ಲೋಕದ ಬಾಗಿಲು ತೆರೆದು ಹೊರಗೆ ಬಿಟ್ಟ ಪ್ರೇತಗಳನ್ನು ಅವರ ನಿಜವಾದ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಕರೆದರೆ ಓಗೊಟ್ಟು ಬಂದಾರೆಂಬ ಭಯ. ಒಳ್ಳೆಯ ಅಣ್ಣತಮ್ಮಂದಿರು ಎನ್ನುವುದೇ ರೂಢಿ. ಡಾಕ್ಟರ್ ನ್ಯೆನ್ ಈ ಉತ್ತರಕ್ಕೆ ಬೆಚ್ಚಿಬೀಳಲಿಲ್ಲ.

“ಗೊತ್ತು. ಪ್ರತಿ ವರ್ಷ ಈ ತಿಂಗಳು ನನ್ನ ಪಟ್ಟಿ ಅರ್ಧಕ್ಕರ್ಧ ಖಾಲಿ. ಅದಕ್ಕೇ ನಿಮಗೆ ಮೊದಲ ಸರದಿ ಸಿಕ್ಕಿದ್ದು.”

“ಮುಂದಿನ ತಿಂಗಳು ಮಾಡಿ.”

“ಮುಂದಿನ ತಿಂಗಳೂ ಏಳನೇ ತಿಂಗಳೇ ಅಲ್ವಾ ದೊಡ್ಡಪ್ಪ? ಈ ವರ್ಷ ಅಧಿಕ ಮಾಸ.”

ತಿಂಗ್‌ಹಾಯ್ ಹಾಳೆ ಮಗುಚಿದ. ಡಾಕ್ಟರು ಹೇಳಿದ್ದು ಸರಿಯಾಗಿತ್ತು. ಏಳನೆಯ ತಿಂಗಳ ಬೆನ್ನಿಗೇ ಅಧಿಕ ಏಳನೆಯ ತಿಂಗಳು. ಎರಡೂ ಮುಗಿಯುವಾಗ ಸೆಪ್ಟೆಂಬರ್ ಇಪ್ಪತ್ತೊಂದು.

“ಹಾಗಾದ್ರೆ ಇಪ್ಪತ್ತೆರಡಕ್ಕೆ ಮಾಡಿ.”

“ಕೊನೇ ಔಷಧಿ ಹೋಗಿ ನಾಲ್ಕರಿಂದ ಆರು ವಾರ, ಅದು ನನಗೆ ಸಿಕ್ಕಿರೋ ಸಮಯ. ಸೆಪ್ಟೆಂಬರ್ ಕೊನೇ ಹೊತ್ತಿಗೆ ಗಡ್ಡೆ ಪೆಟ್ಟು ಮರೆತು ಮತ್ತೆ ನಡುಮನೇಗೆ ಬಂದಿರಬಹುದು. ಬಂದ್ರೆ ನಾನು ಚಾಕು ಹಿಡಿಯಲ್ಲ. ಹಿಡಿದೂ ಪ್ರಯೋಜನ ಇರಲ್ಲ.”

ಒಪ್ಪಿಗೆ ಪತ್ರದಲ್ಲಿ ಎರಡು ಸಹಿಗೆ ಜಾಗವಿತ್ತು. ಒಂದು ರೋಗಿಯದು, ಇನ್ನೊಂದು ಮನೆಯವರದು. ಆಲ್ವಾನ್ ಪೆನ್ನು ಕೇಳಿ ಪಡೆದು ತನ್ನದನ್ನು ಅಲ್ಲೇ ಗೀಚಿದಳು. ಕಾನೂನಿಗೆ ಅವಳದೊಂದೇ ಸಾಕೆಂದು ಡಾಕ್ಟರ್ ನ್ಯೆನ್ ಹೇಳಿದರು. ಆಲ್ವಾನ್ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿಕೊಂಡಳು.

“ಕಾನೂನಿಗೆ ಸಾಕು, ನನಗೆ ಸಾಲದು,” ಎಂದಳು. “ಇವರು ಹಾಕದೆ ನಾನು ಮಲಗಲ್ಲ.”

ಮನೆಗೆ ಬಂದ ಮೇಲೆ ನಾಲ್ಕು ದಿನ ಇಬ್ಬರಿಗೂ ಅದೇ ಜಗಳ. ತಿಂಡಿಗೆ ಕೂತರೆ ಜಗಳ, ಬಟ್ಟೆ ಒಣಹಾಕಿದರೆ ಜಗಳ. ಮಗಳು ಪೇಯ್‌ಛಿ ತೈಚುಂಗ್‌ನಿಂದ ದಿನಕ್ಕೆರಡು ಸಲ ಫೋನು ಮಾಡಿ ಅಪ್ಪನನ್ನು ಬೈದಳು, ಆಮೇಲೆ ಗೋಗರೆದಳು, ಆಮೇಲೆ ಫೋನು ಕುಕ್ಕಿದಳು. ಅವನು ಜಗ್ಗಲಿಲ್ಲ. ಅವನಿಗೆ ಹನ್ನೊಂದು ವರ್ಷವಾಗಿದ್ದಾಗ, ಇಂಥದ್ದೇ ಒಂದು ಏಳನೆಯ ತಿಂಗಳಲ್ಲಿ, ಅವನ ಅಕ್ಕ ಹೊಟ್ಟೆನೋವೆಂದು ಆಪರೇಷನ್ನಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಅಪ್ಪ ಆಗ ಹೇಳಿದ್ದ ಮಾತು ಅವನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು: ಈ ತಿಂಗಳು ಬರಿಗೈಯಲ್ಲಿ ಹೋಗುವುದಿಲ್ಲ.

“ಅಲ್ರೀ,” ಎಂದಳು ಆಲ್ವಾನ್, ಬೋಳುತಲೆಗೆ ಹತ್ತಿಯ ಟೋಪಿ ಎಳೆದುಕೊಳ್ಳುತ್ತ. “ಪ್ರತಿ ಏಳನೇ ತಿಂಗಳು ಆ ಅಣ್ಣತಮ್ಮಂದ್ರಿಗೆ ಬೀದಿ ತುಂಬ ಎಡೆ ಹಾಕಿದ್ದು ಯಾರು? ನಾನು. ಇಡೀ ಹಂದಿ, ಬಾತುಕೋಳಿ, ಹನ್ನೆರಡು ಬಟ್ಟಲು ಪಲ್ಯ. ನಲವತ್ತು ವರ್ಷ ನನ್ನ ಉಪ್ಪು ತಿಂದಿದ್ದಾರೆ. ನನ್ನ ಮೇಲೇ ಕೈ ಮಾಡ್ತಾರಾ?”

“ಅವರಲ್ಲಿ ಹೊಸಬರೂ ಇರ್ತಾರೆ ಕಣೇ. ಎಲ್ರೂ ನಿನ್ನ ಕೈಯೂಟ ಉಂಡಿರಲ್ಲ.”

ಇದಕ್ಕೆ ಏನು ಹೇಳುತ್ತೀರಿ? ಆಲ್ವಾನ್‌ಗೆ ನಗು ಬಂತು, ನಗುವಿನ ಜೊತೆ ಕೆಮ್ಮು ಬಂತು, ಕೆಮ್ಮು ಕೇಳಿ ತಿಂಗ್‌ಹಾಯ್ ಎದ್ದು ಬಿಸಿನೀರು ತರಲು ಓಡಿದ. ಅವನು ಹೀಗೆಯೇ. ಸಹಿ ಹಾಕಲೊಲ್ಲ, ನೀರಿಗೆ ಮಾತ್ರ ಓಡುತ್ತಾನೆ.

ಶನಿವಾರ ಬೆಳಿಗ್ಗೆ ಆಲ್ವಾನ್ ಬಾಯಿಗೆ ಮುಸುಕು ಕಟ್ಟಿಕೊಂಡು ಮಾರುಕಟ್ಟೆಗೆ ಹೋದಳು. ಹೋಗಬಾರದೆಂದು ಅವನು ಕೂಗಿದ್ದು ಅವಳ ಕಿವಿಗೆ ಬೀಳಲಿಲ್ಲ, ಅಥವಾ ಬಿದ್ದರೂ ಅವಳು ಬೀಳಗೊಡಲಿಲ್ಲ. ಒಂದು ಗಂಟೆ ಬಿಟ್ಟು ಬಂದವಳ ಕೈಯಲ್ಲಿ ಕೆಂಪು ಪ್ಲಾಸ್ಟಿಕ್ ಚೀಲ. ಅದನ್ನು ಅಡುಗೆಮನೆಯ ಕಲ್ಲಿನ ಮೇಲೆ ಸುರಿದಳು. ಗಂಟಲ ಕೊಳವೆ ಸಮೇತ, ಎಲ್ಲೂ ಹರಿಯದ ಒಂದು ಇಡೀ ಹಂದಿಯ ಶ್ವಾಸಕೋಶ.

“ರೀ ಮುದುಕಪ್ಪ, ಬನ್ನಿ ಇಲ್ಲಿ. ಡಾಕ್ಟ್ರು ಫೋಟೋ ಸಿಕ್ಕಿಸಿ ತೋರಿಸಿದ್ದು ನಿಮ್ಮ ತಲೆಗೆ ಹತ್ತಲಿಲ್ಲ. ನನ್ನ ಭಾಷೇಲಿ ನಾನು ತೋರಿಸ್ತೀನಿ.”

ಹಂದಿಯ ಶ್ವಾಸಕೋಶ ಆಲ್ವಾನ್‌ಗೆ ಅಂಗೈಯಷ್ಟು ಪರಿಚಿತ. ಕೊಳವೆಯನ್ನು ನಲ್ಲಿಗೆ ಸಿಕ್ಕಿಸಿ ನೀರು ತುಂಬಿಸುವುದು, ಹಿಂಡುವುದು, ಮತ್ತೆ ತುಂಬಿಸುವುದು, ಕೆಂಪು ಹೋಗಿ ಹಾಲಿನ ಬಣ್ಣ ಬರುವ ತನಕ. ಆಮೇಲೆ ಶುಂಠಿ ಮತ್ತು ಅನಾನಸ್ ಹಾಕಿ ಹುರಿದರೆ ಮದುವೆಮನೆಯ ಗಂಡಸರು ಮೂರು ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಈ ದಿನ ಅವಳು ನಲ್ಲಿಗೆ ಸಿಕ್ಕಿಸಲಿಲ್ಲ. ಬೆರಳಿನಿಂದ ಎಲೆಗಳನ್ನು ಒಂದೊಂದಾಗಿ ಬಿಡಿಸಿದಳು.

“ಇದು ದೊಡ್ಡ ಕೊಳವೆ. ಇಲ್ಲಿ ಕವಲು. ಹಂದಿಗೆ ನನಗಿಂತ ಎಲೆ ಜಾಸ್ತಿ, ಬಿಡಿ, ಅದಕ್ಕೆ ತಿನ್ನೋ ಚಪಲ ಜಾಸ್ತಿ. ನೋಡಿ, ಮೇಲಿನ ಎಲೆಗೆ ಅದರದೇ ಸಣ್ಣ ಕೊಳವೆ. ಡಾಕ್ಟ್ರು ಮಾಡೋದು ಇಷ್ಟೇ.”

ದಪ್ಪ ದಾರ ತೆಗೆದು ಆ ಸಣ್ಣ ಕೊಳವೆಯನ್ನು ಬಿಗಿದು ಕಟ್ಟಿದಳು. ತನ್ನ ಚಾಕು ತೆಗೆದಳು. ದಾರದ ಆಚೆಗೆ ಒಂದೇ ಏಟು. ಎಲೆ ಕಳಚಿ ಕಲ್ಲಿನ ಮೇಲೆ ಬಿತ್ತು. ತಿಂಗ್‌ಹಾಯ್ ಕಣ್ಣು ಮುಚ್ಚಿಕೊಂಡ.

“ಕಣ್ಣು ಬಿಡ್ರಿ. ಸತ್ತ ಹಂದಿ, ಕಚ್ಚಲ್ಲ. ಈಗ ಊದಿ.”

“ಏನು?”

“ಊದಿ ಅಂದೆ.” ದೊಡ್ಡ ಕೊಳವೆಯ ಬಾಯಿಗೆ ಗ್ಯಾಸಿನ ಹಳೆಯ ರಬ್ಬರು ಪೈಪಿನ ತುಂಡು ತುರುಕಿ, ಇನ್ನೊಂದು ತುದಿಯನ್ನು ಅವನ ಮೂಗಿನ ಮುಂದೆ ಹಿಡಿದಳು. “ಊದೋಕೆ ನನಗೆ ಉಸಿರಿಲ್ಲ. ನೀವೇ ಆಗಬೇಕು.”

ಅರವತ್ತೆಂಟರ ಗಂಡಸು, ಶನಿವಾರ ಬೆಳಿಗ್ಗೆ, ಒಳ‌ಅಂಗಿಯಲ್ಲಿ ನಿಂತು ಹಂದಿಯ ಶ್ವಾಸಕೋಶ ಊದುವುದೆಂದರೆ ಎದುರುಮನೆಯವರು ನೋಡಿದರೆ ಏನೆಂದಾರು! ಆದರೂ ಊದಿದ. ಮೊದಲ ಸಲ ಗಾಳಿ ಕೊಳವೆ ದಾಟುವ ಮೊದಲೇ ಅವನಿಗೇ ಕೆಮ್ಮು ಬಂತು. ಎರಡನೆಯ ಸಲ ಕೆನ್ನೆ ಉಬ್ಬಿಸಿ, ಹೊಟ್ಟೆಯಿಂದ ಗಾಳಿ ತಂದು ಊದಿದ. ಕಲ್ಲಿನ ಮೇಲೆ ಮುದ್ದೆಯಾಗಿ ಬಿದ್ದಿದ್ದು ಮೆಲ್ಲನೆ ಮೈಮುರಿದು ಎದ್ದಿತು. ಎಡಗಡೆ ಉಬ್ಬಿತು. ಬಲಗಡೆ ಉಳಿದ ಎಲೆಗಳು ಉಬ್ಬಿ, ಕಳಚಿದ ಎಲೆಯ ಜಾಗವನ್ನೂ ಸರಿದು ತುಂಬಿಕೊಂಡವು. ದಾರ ಕಟ್ಟಿದ ಕಡೆಯಿಂದ ಗಾಳಿ ಸೋರಲಿಲ್ಲ. ಆಲ್ವಾನ್ ಅವನ ಕೈ ಹಿಡಿದು ಅದರ ಮೇಲಿಟ್ಟಳು.

“ಗೊತ್ತಾಯ್ತಾ? ಉಳಿಯೋದು ಇಷ್ಟು. ನನಗೆ ಸಾಕು. ನಿಮ್ಮನ್ನ ಬೈಯೋದಕ್ಕೆ ಇದರಲ್ಲಿ ಅರ್ಧ ಸಾಕು.”

ಅವನು ಪೈಪು ಬಾಯಿಂದ ತೆಗೆದ. ಉಬ್ಬಿದ್ದು ಉಸ್ಸೆಂದು ಇಳಿಯಿತು. ಅವನು ಅದನ್ನೇ ನೋಡುತ್ತ ನಿಂತ.

“ನಲವತ್ತು ವರ್ಷ ಊದಿದ್ದೂ ನಾನೇ ಕಣೇ,” ಎಂದ.

“ಏನು ಊದಿದ್ರಿ?”

“ಹೊಗೆ. ಈ ಅಡುಗೆಮನೇಲಿ ಕೂತು, ಹಾಸಿಗೆ ಮೇಲೆ ಕೂತು, ಪೇಯ್‌ಛಿ ಹುಟ್ಟಿದ ಮೇಲೂ ಬಿಡಲಿಲ್ಲ. ದಿನಕ್ಕೆ ಎರಡು ಪ್ಯಾಕು. ಸೇದಿದ್ದು ನಾನು, ಬಂದಿದ್ದು ನಿನಗೆ. ನೀನು ಒಂದು ಸಿಗರೇಟು ಮುಟ್ಟಿದವಳಲ್ಲ.” ಅವನು ಮೂಗು ಒರೆಸಿಕೊಂಡ. “ಈಗ ಈ ತಿಂಗಳು ನಾನೇ ಸಹಿ ಹಾಕಿ ನಿನ್ನ ಒಳಗೆ ಕಳಿಸಿ, ಅಕ್ಕನ ಹಾಗೆ ನೀನೂ ಬರದೆ ಹೋದ್ರೆ? ಎರಡು ಸಲ ನಾನೇ ಕೊಂದ ಹಾಗಾಗತ್ತೆ.”

ಏಪ್ರಿಲ್‌ನಿಂದ ಅವನು ಸಿಗರೇಟು ಮುಟ್ಟಿರಲಿಲ್ಲ, ಮುಟ್ಟದೆ ಇರುವುದಕ್ಕೆ ಕಾರಣವನ್ನೂ ಹೇಳಿರಲಿಲ್ಲ. ಆಲ್ವಾನ್‌ಗೆ ಅದು ಗೊತ್ತಿರಲಿಲ್ಲವೆಂದಲ್ಲ. ಹೆಂಡತಿಯರಿಗೆ ಇಂಥದ್ದು ಗೊತ್ತಿರುತ್ತದೆ. ಅವನೇ ಬಾಯಿಬಿಡಲಿ ಎಂದು ಕಾದಿದ್ದಳು.

“ನನ್ನ ಬಾಣಲೆಯಿಂದ ಎದ್ದಿದ್ದೇನು ಶ್ರೀಗಂಧದ ಹೊಗೇನಾ?” ಎಂದಳು. “ದಿನಾ ಹತ್ತು ತಾಸು ಕಾದ ಎಣ್ಣೆ ಮುಂದೆ ಮುಖ ಇಟ್ಕೊಂಡು ನಿಂತವಳು ನಾನು. ಡಾಕ್ಟ್ರನ್ನ ಕೇಳಿದೆ. ಸಿಗರೇಟು ಮುಟ್ಟದ ನನ್ನಂಥ ಹೆಂಗಸರು ಎಷ್ಟೋ ಜನ ಬರ್ತಾರಂತೆ. ನಿಮ್ಮ ಹೊಗೆ ಎಷ್ಟು, ನನ್ನ ಹೊಗೆ ಎಷ್ಟು ಅಂತ ಪಾಲು ಮಾಡ್ತಾ ಕೂತ್ರೆ ಹದಿನೈದನೇ ತಾರೀಖು ಹೋಗಿಬಿಡತ್ತೆ.”

“ನನ್ನ ತಪ್ಪೇ ಇಲ್ಲ ಅಂತೀಯಾ?”

“ಅನ್ನಲ್ಲ. ಇರಬಹುದು. ಇದ್ರೆ ನಾನು ಬದುಕಿ ಬಂದು ದಿನಾ ಒಂದೊಂದು ಹೊತ್ತು ಬೈತೀನಿ. ಅದಕ್ಕಾದ್ರೂ ಕಳಿಸಿ.”

ಆಲ್ವಾನ್ ಸ್ಟೂಲು ಎಳೆದು ಕೂತಳು. ಇಷ್ಟು ಮಾತಿಗೇ ಅವಳಿಗೆ ದಣಿವಾಗಿತ್ತು. ಟೋಪಿ ಹಣೆಗೆ ಜಾರಿತ್ತು.

“ನನಗೆ ಭಯ ಇಲ್ಲ ಅಂದ್ಕೊಂಡಿದೀರಾ?” ಎಂದಳು, ಈ ಸಲ ಮೆಲ್ಲಗೆ. “ಅಣ್ಣತಮ್ಮಂದ್ರ ಭಯ ಅಲ್ಲ. ಆ ತಣ್ಣನೆ ಮಂಚದ ಮೇಲೆ ಮಲಗಿದಾಗ, ಹೊರಗೆ ನನ್ನ ಗಂಡ ಮುಖ ತಿರುಗಿಸಿ ಕೂತಿದ್ದಾರೆ ಅನ್ನೋ ಭಯ. ನಿಮ್ಮ ಸಹಿ ಯಾರಿಗೆ ಬೇಕಾಗಿತ್ತು ಹೇಳಿ? ನನಗೆ ಬೇಕು. ಒಬ್ಬಳೇ ಹೋಗೋಕೆ ನನ್ನ ಕೈಲಾಗಲ್ಲ.”

ನಲವತ್ತೊಂದು ವರ್ಷದ ಸಂಸಾರದಲ್ಲಿ ಆಲ್ವಾನ್ ತನ್ನ ಕೈಲಾಗದು ಎಂದಿದ್ದನ್ನು ಅವನು ಕೇಳಿರಲಿಲ್ಲ. ಕೈಚೀಲ ಎಲ್ಲಿದೆ ಎಂದು ಕೇಳಿದ. ಕೈ ತೊಳೆದುಕೊಳ್ಳಿ ಮೊದಲು, ಹಂದಿಯ ರಕ್ತ, ಎಂದು ಅವಳು ಗದರಿದಳು. ತೊಳೆದುಕೊಂಡ. ಕಾಗದ ಬಿಡಿಸಿ, ಗೆರೆಯ ಆಚೆಗೂ ಹೋಗುವಷ್ಟು ದೊಡ್ಡದಾಗಿ ಹೆಸರು ಬರೆದ. ಬರೆದು ಮುಗಿಸಿದ ಮೇಲೂ ಅವನ ಭಯ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆ ಮಧ್ಯಾಹ್ನ ಶುಂಠಿ ಹಾಕಿ ಹುರಿದದ್ದನ್ನು ಇಬ್ಬರೂ ಉಂಡರು. ಉಪ್ಪು ಸರಿಯಿದೆ ಎಂದ ಅವನು; ಇರಲಿಲ್ಲ.

ಏಳನೆಯ ತಿಂಗಳ ಇಪ್ಪತ್ತೆರಡು. ಬೆಳಿಗ್ಗೆ ಎಂಟಕ್ಕೆ ಅವಳನ್ನು ಒಳಗೆ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚುವ ಮೊದಲು ಅವಳು ತಲೆಯೆತ್ತಿ, ಅವನು ಮುಖ ತಿರುಗಿಸಿಲ್ಲ ತಾನೇ ಎಂದು ನೋಡಿದಳು. ತಿರುಗಿಸಿರಲಿಲ್ಲ. ಕಾಯುವ ಕೋಣೆಯಲ್ಲಿ ಮೂವತ್ತು ಕುರ್ಚಿ, ಕೂತವರು ಆರೇ ಜನ. ಗೋಡೆಯ ಪರದೆಯ ಮೇಲೆ ಅವಳ ಹೆಸರಿನ ಮುಂದೆ ‘ನಡೆಯುತ್ತಿದೆ’ ಎಂದಿತ್ತು. ಪೇಯ್‌ಛಿ ತಂದ ಸೋಯಾ ಹಾಲು ಅವನ ಕೈಯಲ್ಲೇ ಆರಿತು.

“ಅಪ್ಪಾ, ಕುಡಿ.”

“ಅಮ್ಮ ಬರ್ಲಿ.”

“ಅಮ್ಮಂಗೆ ಈಗ ಕುಡಿಯೋಕೆ ಕೊಡಲ್ಲ ಅಪ್ಪಾ. ನೀನು ಕುಡಿ.”

ಒಂಬತ್ತಾಯಿತು. ಹತ್ತಾಯಿತು. ಹತ್ತೂ ಮುಕ್ಕಾಲಿಗೆ ಧ್ವನಿವರ್ಧಕ ಆಲ್ವಾನ್ ಮನೆಯವರು ಬಾಗಿಲ ಹತ್ತಿರ ಬರಬೇಕೆಂದು ಕರೆಯಿತು. ಪರದೆಯ ಮೇಲೆ ಇನ್ನೂ ‘ನಡೆಯುತ್ತಿದೆ’ ಎಂದೇ ಇತ್ತು. ನಡೆಯುತ್ತಿರುವಾಗಲೇ ಕರೆದರೆಂದರೆ! ತಿಂಗ್‌ಹಾಯ್ ಧಡಕ್ಕನೆ ಎದ್ದ. ಹಾಲು ಚೆಲ್ಲಿತು. ಪೇಯ್‌ಛಿ ಕೈ ಹಿಡಿಯಲು ಬಂದರೆ ಕೊಡವಿಕೊಂಡು ಒಬ್ಬನೇ ನಡೆದ. ಅಕ್ಕನ ದಿನವೂ ಹೀಗೆಯೇ ಅಪ್ಪನನ್ನು ಒಬ್ಬನನ್ನೇ ಕರೆದಿದ್ದರು.

ಬಾಗಿಲ ಪಕ್ಕದ ಪುಟ್ಟ ಕೋಣೆಯಲ್ಲಿ ಡಾಕ್ಟರ್ ನ್ಯೆನ್ ಹಸಿರು ಉಡುಪಿನಲ್ಲಿ ನಿಂತಿದ್ದರು. ಕೈಯಲ್ಲಿ ಉಕ್ಕಿನ ತಟ್ಟೆ.

“ಗಾಬರಿ ಆಗಬೇಡಿ ದೊಡ್ಡಪ್ಪ, ದೊಡ್ಡಮ್ಮ ಚೆನ್ನಾಗಿದ್ದಾರೆ. ಒಳಗೆ ಹೊಲಿಗೆ ಹಾಕ್ತಿದ್ದಾರೆ. ತೆಗೆದಿದ್ದನ್ನ ಮನೆಯವರಿಗೆ ತೋರಿಸೋದು ಪದ್ಧತಿ, ಅದಕ್ಕೆ ಕರೆದೆ.”

ತಿಂಗ್‌ಹಾಯ್ ತಟ್ಟೆಯ ಕಡೆ ನೋಡಿದ. ಅಂಗೈಯಗಲದ ಎಲೆ. ನಸುಗೆಂಪು ಮೈ, ಅದರ ತುಂಬ ಸಣ್ಣ ಸಣ್ಣ ಕಪ್ಪು ಚುಕ್ಕೆ. ಒಂದು ಮಗ್ಗುಲಲ್ಲಿ ಕಮಲದ ಬೀಜದಷ್ಟು ಬಿಳಿಚಿದ ಗಂಟು.

“ಇದೇ ಗಡ್ಡೆ. ಔಷಧಿ ಇದನ್ನ ಸುಸ್ತು ಮಾಡಿ ಕುಗ್ಗಿಸಿದೆ. ಅಂಚು ಶುಭ್ರವಾಗಿದೆ ಅಂತ ನನ್ನ ಕಣ್ಣಿಗೆ ಕಾಣ್ತಿದೆ. ನಡುವಿನ ಗಂಟುಗಳನ್ನೂ ತೆಗೆದಿದ್ದೀನಿ. ಕೊನೇ ಮಾತು ಲ್ಯಾಬಿನವರದ್ದು, ಹತ್ತು ದಿನ ಬೇಕು. ಆಮೇಲೂ ಐದು ವರ್ಷ ಕಣ್ಣಿಟ್ಟಿರಬೇಕು. ಪೂರ್ತಿ ಗೆದ್ವಿ ಅಂತ ನಾನು ಇವತ್ತು ಹೇಳಲ್ಲ.”

ಅವನು ಗಂಟನ್ನು ನೋಡಲಿಲ್ಲ. ಕಪ್ಪು ಚುಕ್ಕೆಗಳನ್ನು ನೋಡುತ್ತಿದ್ದ.

“ಈ ಕಪ್ಪು… ಇದು ನನ್ನ ಸಿಗರೇಟಾ?”

ಡಾಕ್ಟರ್ ನ್ಯೆನ್ ತಟ್ಟೆಯನ್ನು ಬೆಳಕಿಗೆ ಹಿಡಿದರು.

“ಈ ಊರಲ್ಲಿ ಅರವತ್ತು ವರ್ಷ ಉಸಿರಾಡಿದ ಯಾರದ್ದು ತೆಗೆದ್ರೂ ಹೀಗೇ ಇರತ್ತೆ. ಹಡಗಿನ ಹೊಗೆ, ಊದುಬತ್ತಿ, ಬಾಣಲೆ, ಸಿಗರೇಟು. ಯಾವುದು ಎಷ್ಟು ಅಂತ ನನಗೆ ಗೊತ್ತಾಗಲ್ಲ ದೊಡ್ಡಪ್ಪ. ಯಾರಿಗೂ ಗೊತ್ತಾಗಲ್ಲ.”

“ಮುಟ್ಟಬಹುದಾ?”

ಅವರು ಅವನಿಗೊಂದು ಕೈಗವಸು ಕೊಟ್ಟರು. ಅವನು ಒಂದೇ ಬೆರಳಿನಿಂದ, ಮಲಗಿದ ಮಗುವಿನ ಕೆನ್ನೆ ಮುಟ್ಟುವಂತೆ ಮುಟ್ಟಿದ. ಅದಿನ್ನೂ ಬೆಚ್ಚಗಿತ್ತು. ಅವನ ಕಣ್ಣಿಂದ ದಳದಳ ನೀರು ಇಳಿಯಿತು. ಒರೆಸಿಕೊಳ್ಳುವ ಗೊಡವೆಗೆ ಹೋಗಲಿಲ್ಲ. ಸೊಂಟ ಬಗ್ಗಿಸಿ ಆ ತಟ್ಟೆಗೆ ನಮಸ್ಕಾರ ಮಾಡಿದ.

“ತುಂಬ ದುಡಿದೆ, ತಾಯಿ,” ಎಂದ ಅದಕ್ಕೆ. “ನನ್ನ ಜೊತೆ ತುಂಬ ಕಷ್ಟಪಟ್ಟೆ.”

ಲ್ಯಾಬಿನವರು ಕಾಯುತ್ತಿದ್ದಾರೆಂದು ಒಳಗಿನಿಂದ ಯಾರೋ ಕೂಗಿದರು. ಡಾಕ್ಟರ್ ನ್ಯೆನ್ ಕದಲಲಿಲ್ಲ. ತಿಂಗ್‌ಹಾಯ್ ನೆಟ್ಟಗೆ ನಿಂತು, ಕೋಣೆಯ ಖಾಲಿ ಮೂಲೆಯ ಕಡೆ ತಿರುಗಿ, ಬಂದರಿನಲ್ಲಿ ಕೆಳಗಿದ್ದವರಿಗೆ ಕೇಳಲಿ ಎಂದು ಕೂಗುತ್ತಿದ್ದ ಗಟ್ಟಿ ಧ್ವನಿಯಲ್ಲೇ ಹೇಳಿದ:

“ಅಣ್ಣತಮ್ಮಂದ್ರೇ, ಬರಿಗೈಲಿ ಹೋಗಲ್ಲ ಅಂತೀರಲ್ಲ, ಇದನ್ನ ತಗೊಂಡು ಹೋಗಿ. 	ಉಳಿದಿದ್ದೆಲ್ಲ ನನ್ನದು.”

ಡಾಕ್ಟರ್ ನ್ಯೆನ್ ನಗಲಿಲ್ಲ. ತಟ್ಟೆಯ ಮೇಲೆ ಹಸಿರು ಬಟ್ಟೆ ಮುಚ್ಚಿ, ಅದೇ ಮೂಲೆಯ ಕಡೆ ಒಮ್ಮೆ ನೋಡಿ, “ತಗೊಂಡು ಹೋಗ್ಲಿ ದೊಡ್ಡಪ್ಪ,” ಎಂದರು.